ಮೊಣಕಾಲ ನರ ಹೇಳಿದ ಮುಟ್ಟಿನ ಕಥೆ

ಮೊಣಕಾಲಿನ ಕೆಳಗೆ, ಹೊರಮಗ್ಗುಲಿನ ಮೂಳೆಯ ಉಬ್ಬನ್ನು ಬಳಸಿಕೊಂಡು ಒಂದು ನರ ಹಾದುಹೋಗುತ್ತದೆ. ಅದರೊಳಕ್ಕೆ ಕೂದಲೆಳೆಯಂಥ ಟಂಗ್‌ಸ್ಟನ್ ಸೂಜಿ ಇಳಿಸಿದರೆ, ರಕ್ತನಾಳಗಳನ್ನು ಬಿಗಿಯಲು ಹೊರಟ ಸಂದೇಶಗಳನ್ನು ಒಂದೊಂದಾಗಿ ಎಣಿಸಬಹುದು. ಸ್ವೀಡನ್ನಿನ ಸಂಶೋಧಕರು ಮುಟ್ಟು ಏರುಪೇರಾಗುವ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಇದ್ದ 20 ಮಹಿಳೆಯರಲ್ಲಿ ಹೀಗೆ ಎಣಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ತೊಂದರೆ ಇಲ್ಲದ, ಅದೇ ವಯಸ್ಸು–ಮೈಕಟ್ಟಿನ ಮಹಿಳೆಯರಲ್ಲಿ ನಿಮಿಷಕ್ಕೆ ಸುಮಾರು 20 ಮಿಡಿತ. ಇವರಲ್ಲಿ ಸುಮಾರು 30. ಟೆಸ್ಟೋಸ್ಟೆರಾನ್ ಏರಿದಷ್ಟೂ ಮಿಡಿತವೂ ಏರಿತ್ತು.

ಮುಟ್ಟಿನ ಏರುಪೇರಿಗೂ ಕಾಲಿನ ನರಕ್ಕೂ ಏನು ನಂಟು? ಬೆದರಿದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವುದು ಸಿಂಪಥೆಟಿಕ್ ನರವ್ಯೂಹ. ಕಾಲಿನಲ್ಲಿ ಎಣಿಸಿದ್ದು ಅದರ ಮಿಡಿತವನ್ನೇ. ಅದರದೇ ಎಳೆಗಳು ಅಂಡಾಶಯಕ್ಕೂ ಇಳಿದಿವೆ. ಪಿಸಿಒಎಸ್ ಹೋಲುವ ಸ್ಥಿತಿ ಉಂಟುಮಾಡಿದ ಇಲಿಗಳಲ್ಲಿ ಆ ಎಳೆಯನ್ನು ಕತ್ತರಿಸಿದಾಗ ಅಂಡೋತ್ಪತ್ತಿ ಮರಳಿತು. ಅಂದರೆ ಅಂಡಾಶಯಕ್ಕೆ ಆಜ್ಞೆ ತಲುಪುವುದು ರಕ್ತದ ದಾರಿಯಲ್ಲಷ್ಟೇ ಅಲ್ಲ, ನರದ ದಾರಿಯಲ್ಲೂ.

ರಕ್ತದ ದಾರಿಯ ಕಥೆ ಹೀಗಿದೆ. ಮೆದುಳಿನ ಹೈಪೊಥಲಾಮಸ್ ಬಿಟ್ಟು ಬಿಟ್ಟು ಹಾರ್ಮೋನ್ ಸ್ರವಿಸುತ್ತದೆ. ಆ ಲಯ ಚುರುಕಾದರೆ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು, ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಕಡಿಮೆ ಸುರಿಸುತ್ತದೆ. ಎಲ್‌ಎಚ್ ಹೆಚ್ಚಾದರೆ ಅಂಡಾಶಯದಲ್ಲಿ ಟೆಸ್ಟೋಸ್ಟೆರಾನ್‌ನಂಥ ಆಂಡ್ರೋಜೆನ್‌ಗಳು ಏರುತ್ತವೆ. ದೇಹ ಇನ್ಸುಲಿನ್ ಮಾತು ಕೇಳದೆ ರಕ್ತದಲ್ಲಿ ಅದು ಹೆಚ್ಚಿದರೆ ಇನ್ನಷ್ಟು ಏರುತ್ತವೆ. ಗಲ್ಲದ ಮೇಲೆ ಕೂದಲು, ಮೊಡವೆ, ತಿಂಗಳುಗಟ್ಟಲೆ ಬಾರದ ಮುಟ್ಟು ಇದರ ಫಲ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಅಂಚಿನುದ್ದಕ್ಕೂ ಮಣಿ ಪೋಣಿಸಿದಂತೆ ಕಾಣುವ ‘ನೀರುಗುಳ್ಳೆ’ಗಳು ಗಡ್ಡೆಗಳಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ ಅಂಡಾಣು ಚೀಲಗಳು.

1935ರಲ್ಲಿ ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಇಂಥ ತೊಂದರೆಯಿದ್ದ 7 ಮಹಿಳೆಯರ ವಿವರ ಬರೆದಾಗ ಎಲ್ಲರ ಗಮನ ಹೋದದ್ದು ಅಂಡಾಶಯದ ಮೇಲೆ. ಹೆಸರೂ ಅಲ್ಲೇ ಅಂಟಿಕೊಂಡಿತು. ಮನೆಯಲ್ಲಿ ಮಾತು ಇನ್ನೂ ಸುಲಭ: ‘ತೂಕ ಇಳಿಸು’, ‘ಮದುವೆಯಾದರೆ ಸರಿಹೋಗುತ್ತೆ’. ಮದುವೆಯಿಂದ ಹಾರ್ಮೋನ್ ಲಯ ಬದಲಾಗುವುದಿಲ್ಲ. ತೆಳ್ಳಗಿರುವ ಹುಡುಗಿಯರಿಗೂ ಪಿಸಿಒಎಸ್ ಬರುತ್ತದೆ. ಅವರ ಮೈಯೊಳಗೆ ಬಿಡುವಿಲ್ಲದೆ ಬಡಿಯುತ್ತಿರುವ ನರವನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ.

ತೂಕವಷ್ಟೇ ಕಾರಣವಲ್ಲ ಎಂದಾದರೆ ನಡಿಗೆ, ವ್ಯಾಯಾಮ ಯಾಕೆ? ಸ್ವೀಡನ್ನಿನ ಅದೇ ತಂಡ 16 ವಾರಗಳ ಚಿಕ್ಕ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿತು. ವಾರಕ್ಕೆ ಕನಿಷ್ಠ 3 ದಿನ, ಅರ್ಧ ಗಂಟೆ ವ್ಯಾಯಾಮ ಮಾಡಿದವರಲ್ಲಿ ನರದ ಮಿಡಿತ ತಗ್ಗಿತು. ಸಣ್ಣ ವಿದ್ಯುತ್ ಹರಿಸುವ ಅಕ್ಯುಪಂಕ್ಚರ್ ಪಡೆದವರಲ್ಲೂ ತಗ್ಗಿತು. ಭಾಗವಹಿಸಿದವರು ಕೆಲವೇ ಮಂದಿ. ಇದು ಔಷಧಿಗೆ ಬದಲಿಯಲ್ಲ. ಆದರೂ ನಡಿಗೆಯ ಲೆಕ್ಕವನ್ನು ತೂಕದ ಯಂತ್ರವೊಂದೇ ಹೇಳಲಾರದು ಎಂಬುದಂತೂ ಸ್ಪಷ್ಟ.

ನರ ಸದಾ ಬಿಗಿಯಾಗಿದ್ದರೆ ಅದರ ಭಾರ ಹೃದಯಕ್ಕೂ ತಟ್ಟುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ವೈದ್ಯರ ಬಳಿ ಹೋದಾಗ ಬಿಪಿ, ಶುಗರ್ ಕೂಡ ನೋಡಿಸಿ. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂಬುದನ್ನೂ ಹೇಳಿ. ಮಗಳ ಜೊತೆ ಹೋದ ಅಮ್ಮಂದಿರು ಆ ಮಾತನ್ನು ಅವಳೇ ಆಡಲು ಬಿಡಿ.