ಗೋಬಿಯ ಮರಳುಗಲ್ಲು ಕಾಪಿಟ್ಟ ಡೈನೋಸಾರ್ ಲೋಕ

ಮಂಗೋಲಿಯದ ದಕ್ಷಿಣ ಭಾಗದ ಗೋಬಿ ಮರುಭೂಮಿಯಲ್ಲಿ ಹರಡಿರುವ ಕೆಂಪು, ಕಿತ್ತಳೆ ಬಣ್ಣದ ಮರಳುಗಲ್ಲಿನ ಪದರಗಳಿಗೆ ಜಡೋಕ್ತ ಶಿಲಾಸ್ತರ ಎಂದು ಹೆಸರು. ಕ್ರಿಟೇಷಿಯಸ್ ಅವಧಿಯ ಕೊನೆಯ ಭಾಗದಲ್ಲಿ, ಸುಮಾರು 7.5 ಕೋಟಿಯಿಂದ 7.1 ಕೋಟಿ ವರ್ಷಗಳ ಹಿಂದೆ, ಇದು ರೂಪುಗೊಂಡಿತು. ಆಗಲೂ ಇದು ಒಣ ನಾಡೇ. ಗಾಳಿ ಮರಳನ್ನು ದಿಬ್ಬದ ಒಂದು ಮಗ್ಗುಲಿಂದ ಮೇಲಕ್ಕೆ ತಳ್ಳಿ, ಇನ್ನೊಂದು ಮಗ್ಗುಲಿಗೆ ಸುರಿಯುತ್ತಿತ್ತು. ಹಾಗೆ ಸುರಿದ ಮರಳಿನ ಓರೆಯಾದ ಪದರುಗಳು ಇಂದಿಗೂ ಬಂಡೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಸತ್ತ ಪ್ರಾಣಿಯ ಎಲುಬುಗಳು ಸಾಮಾನ್ಯವಾಗಿ ಚೆಲ್ಲಾಪಿಲ್ಲಿಯಾಗುತ್ತವೆ. ಹದ್ದು, ನರಿಯಂಥ ಜೀವಿಗಳು ಎಳೆದಾಡುತ್ತವೆ. ಬಿಸಿಲು, ಮಳೆ ಉಳಿದದ್ದನ್ನು ಹಾಳುಮಾಡುತ್ತವೆ. ಜಡೋಕ್ತದಲ್ಲಿ ಮಾತ್ರ ಕೀಲು ತಪ್ಪದ ಪೂರ್ಣ ಅಸ್ಥಿಪಂಜರಗಳು ಹೇರಳವಾಗಿ ಸಿಕ್ಕಿವೆ. ಬಿರುಮಳೆಗೆ ನೆನೆದು ಭಾರವಾದ ದಿಬ್ಬಗಳು ಕುಸಿದು ಪ್ರಾಣಿಗಳನ್ನು ಜೀವಂತವಾಗಿ ಹೂತುಹಾಕಿರಬೇಕು ಎಂಬುದು ಭೂವಿಜ್ಞಾನಿಗಳು ಕೊಡುವ ಒಂದು ವಿವರಣೆ. ಮರಳಿನ ಬಿರುಗಾಳಿಯೂ ಕೆಲವನ್ನು ಮುಚ್ಚಿರಬಹುದು. ಹೇಗೇ ಆಗಲಿ, ಕೊಂದ ಮರಳೇ ಅವುಗಳ ಕೊನೆಯ ಭಂಗಿಯನ್ನು ಕಾಪಾಡಿತು.

ನ್ಯೂಯಾರ್ಕಿನ ಅಮೆರಿಕನ್ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯದ ತಂಡ 1922ರಲ್ಲಿ ರಾಯ್ ಚಾಪ್‌ಮನ್ ಆಂಡ್ರೂಸ್ ನೇತೃತ್ವದಲ್ಲಿ ಬಯಾನ್‌ಜಾಗ್ ಎಂಬಲ್ಲಿನ ಕಡಿದಾದ ಬಂಡೆಗಳನ್ನು ತಲುಪಿತು. ಸಂಜೆ ಬಿಸಿಲಿಗೆ ಕೆಂಡದಂತೆ ಹೊಳೆಯುವ ಈ ಬಂಡೆಗಳಿಗೆ ‘ಉರಿಯುವ ಬಂಡೆಗಳು’ ಎಂಬ ಹೆಸರು ಬಂತು. ಮರುವರ್ಷ ಅಲ್ಲಿ ಮೊಟ್ಟೆಗಳ ಗೂಡು ದೊರೆಯಿತು. ಅವು ಆ ಜಾಗದಲ್ಲಿ ಹೆಚ್ಚಾಗಿ ಕಾಣುವ, ಕುರಿಯಷ್ಟು ಗಾತ್ರದ ಸಸ್ಯಾಹಾರಿ ಪ್ರೊಟೊಸೆರಾಟಾಪ್ಸ್‌ನ ಮೊಟ್ಟೆಗಳೆಂದು ಭಾವಿಸಲಾಯಿತು. ಗೂಡಿನ ಮೇಲೆಯೇ ಸಿಕ್ಕ ಇನ್ನೊಂದು ಡೈನೋಸಾರ್ ಅವನ್ನು ಕದಿಯಲು ಬಂದದ್ದಿರಬೇಕೆಂದು ಊಹಿಸಿ, 1924ರಲ್ಲಿ ಅದಕ್ಕೆ ‘ಮೊಟ್ಟೆಗಳ್ಳ’ ಎಂಬ ಅರ್ಥದ ಓವಿರಾಪ್ಟರ್ ಎಂಬ ಹೆಸರಿಟ್ಟರು.

ಈ ಕಳಂಕ ತೊಳೆಯಲು ಎಪ್ಪತ್ತು ವರ್ಷ ಬೇಕಾಯಿತು. 1993ರಲ್ಲಿ ಉಖಾ ತೊಲ್ಗೊದ್ ಎಂಬಲ್ಲಿ ಅದೇ ಬಗೆಯ ಮೊಟ್ಟೆಯೊಳಗೆ ಓವಿರಾಪ್ಟರ್ ವರ್ಗದ ಭ್ರೂಣ ಪತ್ತೆಯಾಯಿತು. ಮುಂಗಾಲುಗಳನ್ನು ಚಾಚಿ ಗೂಡನ್ನು ಬಳಸಿ ಕೂತ ಸಿಟಿಪಾಟಿ ಎಂಬ ಡೈನೋಸಾರ್ ಕೂಡ ಅಲ್ಲಿ ಸಿಕ್ಕಿತು. ಕಳ್ಳನೆನಿಸಿಕೊಂಡಿದ್ದು ತನ್ನದೇ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಪ್ರಾಣಿಯೆಂದು ಹೀಗೆ ತಿಳಿದುಬಂತು. ಹಕ್ಕಿಗಳ ಕಾವು ಕೂರುವ ರೂಢಿ ಡೈನೋಸಾರ್‌ಗಳಲ್ಲೇ ಇತ್ತೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

1971ರಲ್ಲಿ ಪೋಲೆಂಡ್ ಮತ್ತು ಮಂಗೋಲಿಯದ ಜಂಟಿ ತಂಡಕ್ಕೆ ತೂಗ್ರಿಕೀನ್ ಶಿರೆಯಲ್ಲಿ ಸಿಕ್ಕದ್ದು ಇನ್ನೂ ಅಪರೂಪದ್ದು: ಪರಸ್ಪರ ಸೆಣಸುತ್ತಲೇ ಹೂತುಹೋದ ಎರಡು ಪ್ರಾಣಿಗಳು. ವೆಲಾಸಿರಾಪ್ಟರ್‌ನ ಹಿಂಗಾಲಿನ ಕುಡುಗೋಲಿನಂಥ ಉಗುರು ಪ್ರೊಟೊಸೆರಾಟಾಪ್ಸ್‌ನ ಕುತ್ತಿಗೆಯ ಭಾಗದಲ್ಲಿದೆ. ವೆಲಾಸಿರಾಪ್ಟರ್‌ನ ಬಲ ಮುಂಗಾಲು ಎದುರಾಳಿಯ ಬಾಯಲ್ಲಿ ಸಿಕ್ಕಿಕೊಂಡಿದೆ. ಬೇಟೆಗಾರ ಉಗುರನ್ನು ಹೇಗೆ ಬಳಸುತ್ತಿತ್ತೆಂಬ ಚರ್ಚೆಗೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಇದೇ ಸ್ತರದಲ್ಲಿ ಹಲ್ಲಿಗಳು, ಆಮೆಗಳು, ಇಲಿಯಷ್ಟೇ ಗಾತ್ರದ ಸಸ್ತನಿಗಳೂ ದೊರೆತಿವೆ. ಈ ಸಸ್ತನಿಗಳ ಅಧ್ಯಯನದಲ್ಲಿ ಪೋಲೆಂಡಿನ ವಿಜ್ಞಾನಿ ಜೋಫಿಯಾ ಕೀಲಾನ್-ಯಾವೊರೋವ್ಸ್ಕಾ ಅವರ ಕೊಡುಗೆ ದೊಡ್ಡದು. ಅವರ ತಂಡಗಳು ತಂದ ತಲೆಬುರುಡೆಗಳಿಂದ, ಡೈನೋಸಾರ್‌ಗಳು ಮೆರೆಯುತ್ತಿದ್ದ ಕಾಲದಲ್ಲೇ ಸಸ್ತನಿಗಳು ಹಲವು ಕವಲುಗಳಾಗಿ ಬೆಳೆದಿದ್ದವೆಂಬುದು ಖಚಿತವಾಯಿತು.