ದವಡೆ ಹಲ್ಲಿನ ಬಿಳಿ ಫಿಲ್ಲಿಂಗು ಎಷ್ಟು ವರ್ಷ ಬಾಳಿಕೆ ಬರುತ್ತೆ?



ಹಸು ತರಬೇಕು, ಹೊಲಿಗೆ ಯಂತ್ರ ಬೇಕು, ಮಕ್ಕಳ ಫೀಸು ಕಟ್ಟಬೇಕು ಅಂತ ಸಾಲದ ಅರ್ಜಿ ಬಂದರೆ ಸಂಘದಲ್ಲಿ ಯಾರೂ ಎರಡು ಮಾತಾಡೋದಿಲ್ಲ. "ಹಲ್ಲಿಗೆ ಸಿಮೆಂಟು ಹಾಕಿಸಬೇಕು" ಅಂದರೆ ಮಾತ್ರ ನಗು ಏಳುತ್ತದೆ. ಒಂದು ಸಂಘದ ಸಭೆಯಲ್ಲಿ ಹೀಗೇ ಆಯಿತು. "ಅದು ಎರಡು ವರ್ಷಕ್ಕೆ ಬಿದ್ದುಹೋಗುತ್ತೆ, ಸುಮ್ಮನೆ ಕೀಳಿಸಿಬಿಡು" ಅಂತ ಒಬ್ಬರು ಹೇಳಿದರು. ಅರ್ಜಿ ಅಲ್ಲಿಗೇ ನಿಂತಿತು. ಕೆಲವು ತಿಂಗಳ ಮೇಲೆ ಅದೇ ಸದಸ್ಯೆ ಕೆನ್ನೆ ಊದಿಸಿಕೊಂಡು ಬಂದರು. ಈ ಸಲ ಬೇರಿನ ಚಿಕಿತ್ಸೆ, ಅದರ ಮೇಲೆ ಕ್ಯಾಪು. ಖರ್ಚು ಮೊದಲು ಕೇಳಿದ್ದರ ಹಲವು ಪಟ್ಟು. ಆ ಸಾಲವನ್ನು ಮಾತ್ರ ಯಾರೂ ತಡೆಯಲಿಲ್ಲ.

ನಿಜವಾಗಿ ಎರಡೇ ವರ್ಷವೇ? ಅಲ್ಲ. 2014ರಲ್ಲಿ ದಂತ ವೈದ್ಯರು 12 ಅಧ್ಯಯನಗಳ ದಾಖಲೆಗಳನ್ನು ಒಟ್ಟು ಸೇರಿಸಿ ದವಡೆ ಹಲ್ಲಿನ ಬಿಳಿ ಫಿಲ್ಲಿಂಗುಗಳ ಲೆಕ್ಕ ನೋಡಿದರು. ಹತ್ತು ವರ್ಷದ ಲೆಕ್ಕದಲ್ಲಿ, ವರ್ಷಕ್ಕೆ ನೂರಕ್ಕೆ ಎರಡು, ಎರಡೂವರೆಯಷ್ಟು ಮಾತ್ರ ಕೆಟ್ಟಿದ್ದವು. ಅಂದರೆ ಇವತ್ತು ನೂರು ಜನ ಹಾಕಿಸಿಕೊಂಡರೆ ಹತ್ತು ವರ್ಷದ ನಂತರವೂ ಸುಮಾರು ಮುಕ್ಕಾಲು ಪಾಲು ಜನರ ಬಾಯಲ್ಲಿ ಅದು ಕೆಲಸ ಮಾಡುತ್ತಾ ಇರುತ್ತದೆ. ಬ್ರೆಜಿಲ್ ದೇಶದಲ್ಲಿ 22 ವರ್ಷದವರೆಗೂ ಹಿಂಬಾಲಿಸಿ ನೋಡಿದ್ದಾರೆ, ಅಷ್ಟು ಕಾಲ ಉಳಿದವೂ ಉಂಟು. ಫಿಲ್ಲಿಂಗಿಗೆ 1,200 ರೂಪಾಯಿ ಆಯಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹತ್ತು ವರ್ಷ ಬಂದರೆ ತಿಂಗಳಿಗೆ ಹತ್ತು ರೂಪಾಯಿ ಬಿತ್ತು. ನಾವು ವಾರಕ್ಕೆ ಕಟ್ಟುವ ಉಳಿತಾಯವೇ ಅದಕ್ಕಿಂತ ಹೆಚ್ಚು.

ಹಾಗಾದರೆ ಎರಡು ವರ್ಷಕ್ಕೇ ಬಿದ್ದುಹೋದವರು ಸುಳ್ಳು ಹೇಳುತ್ತಾರಾ? ಅದೂ ಅಲ್ಲ. ಬಾಳಿಕೆ ಎಲ್ಲರಿಗೂ ಒಂದೇ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಅದನ್ನು ಹೇಗೆ ಹಾಕುತ್ತಾರೆ ಅಂತ ಸ್ವಲ್ಪ ನೋಡಬೇಕು.

ನಾವು ಸಿಮೆಂಟು ಅಂತ ಕರೆದರೂ ಬಿಳಿ ಫಿಲ್ಲಿಂಗು ಸಿಮೆಂಟಲ್ಲ. ಒಂದು ಬಗೆಯ ರಾಳದಲ್ಲಿ ನುಣ್ಣಗಿನ ಗಾಜಿನ ಪುಡಿ ಕಲಸಿದ ಪದಾರ್ಥ. ಇದಕ್ಕೆ ಕಾಂಪೋಸಿಟ್ ಅಂತ ಹೆಸರು. ಡಾಕ್ಟರು ಮೊದಲು ಹುಳುಕನ್ನು ಕೊರೆದು ತೆಗೆಯುತ್ತಾರೆ. ಆಮೇಲೆ ಹಲ್ಲಿನ ಮೇಲೆ ಆಮ್ಲದ ಜೆಲ್ ಸವರಿ ಕೆಲವು ಸೆಕೆಂಡು ಬಿಟ್ಟು ತೊಳೆಯುತ್ತಾರೆ. ಆಗ ಹಲ್ಲಿನ ಮೇಲ್ಮೈ ಸಣ್ಣ ಸಣ್ಣ ತೂತುಗಳಾಗಿ ಒರಟಾಗುತ್ತದೆ. ಅದಕ್ಕೆ ಅಂಟು ಹಚ್ಚಿ, ಕಾಂಪೋಸಿಟನ್ನು ತೆಳ್ಳಗೆ ಒಂದೊಂದೇ ಪದರ ಇಟ್ಟು, ಪ್ರತಿ ಪದರಕ್ಕೂ ನೀಲಿ ದೀಪ ಹಿಡಿಯುತ್ತಾರೆ. ದೀಪ ಬಿದ್ದ ಕೂಡಲೇ ಅದು ಗಟ್ಟಿಯಾಗುತ್ತದೆ. ಹಾಗಾಗಿ ಮರಗಟ್ಟಿಸುವ ಸೂಜಿ ಕೊಟ್ಟಿದ್ದರೆ ಅದು ಇಳಿದ ಮೇಲೆ ಅವತ್ತೇ ಊಟ ಮಾಡಬಹುದು. ಒಂದು ದಿನ ಆ ಕಡೆ ಅಗಿಯಬಾರದು ಅನ್ನುವುದು ಹಳೆಯ ಬೆಳ್ಳಿ ಬಣ್ಣದ ಫಿಲ್ಲಿಂಗಿನ ಕಾಲದ ಮಾತು.

ಇಲ್ಲಿ ಎರಡು ತೊಂದರೆ. ಹಸಿ ಮಣ್ಣಿನ ನೆಲ ಒಣಗುವಾಗ ಬಿರುಕು ಬಿಡುವುದಿಲ್ಲವೇ, ಹಾಗೆ ಕಾಂಪೋಸಿಟ್ ಗಟ್ಟಿಯಾಗುವಾಗ ತುಸು ಕುಗ್ಗುತ್ತದೆ. ಒಂದೇ ಸಲ ತುಂಬಿದರೆ ಅಂಚಿನಲ್ಲಿ ಸಂದಿ ಬೀಳುವ ಅಪಾಯ ಹೆಚ್ಚು. ಪದರ ಪದರ ಇಡುವುದು ಇದಕ್ಕೇ. ಎರಡನೆಯದು ಎಂಜಲು. ಎಣ್ಣೆ ಹಣೆಗೆ ಸ್ಟಿಕ್ಕರ್ ಬೊಟ್ಟು ನಿಲ್ಲುತ್ತದೆಯೇ? ಹಾಗೆಯೇ ಎಂಜಲೋ ರಕ್ತವೋ ತಾಗಿದ ಹಲ್ಲಿಗೆ ಈ ಅಂಟು ಹಿಡಿಯುವುದಿಲ್ಲ. ಆದ್ದರಿಂದ ಡಾಕ್ಟರು ಬಾಯಿ ತುಂಬ ಹತ್ತಿ ಇಟ್ಟರೆ, ಇಲ್ಲವೇ ಹಲ್ಲಿಗೆ ರಬ್ಬರ್ ಹಾಳೆ ತೊಡಿಸಿ ಅರ್ಧ ಗಂಟೆ ಬಾಯಿ ಮುಚ್ಚಬೇಡಿ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಆ ಅರ್ಧ ಗಂಟೆಯ ಮೇಲೇ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ನನ್ನನ್ನು ಕೇಳಿದರೆ, ಐದು ನಿಮಿಷದಲ್ಲಿ ತುಂಬಿ ಕಳಿಸುವವರಿಗಿಂತ ಹೀಗೆ ಸತಾಯಿಸುವ ಡಾಕ್ಟರೇ ವಾಸಿ.

ಇನ್ನು ತೂತಿನ ಗಾತ್ರ. ಹಲ್ಲಿನ ಮೇಲೆ ಮಾತ್ರ ಸಣ್ಣ ಗುಂಡಿ ಇದ್ದರೆ ನಾಲ್ಕು ಕಡೆಯೂ ಹಲ್ಲಿನ ಗೋಡೆ ಇರುತ್ತದೆ, ಫಿಲ್ಲಿಂಗು ಭದ್ರ. ಪಕ್ಕದ ಗೋಡೆಯೂ ಬಿದ್ದಿದ್ದರೆ ಕಷ್ಟ ಶುರು. ನಾನು ಮೇಲೆ ಹೇಳಿದ 2014ರ ಲೆಕ್ಕದಲ್ಲಿ, ಹಲ್ಲಿನ ಒಂದೊಂದು ಮುಖ ಹೆಚ್ಚಿಗೆ ಸೇರಿದಂತೆ ಫಿಲ್ಲಿಂಗು ಕೆಡುವ ಸಂಭವ 30ರಿಂದ 40 ಶೇಕಡಾ ಹೆಚ್ಚುತ್ತಾ ಹೋಗಿದೆ. ಹುಳುಕು ವಸಡಿನ ಕೆಳಗೆ ಇಳಿದಿದ್ದರಂತೂ ಅಲ್ಲಿ ಒಣಗಿಸುವುದೂ ಕಷ್ಟ, ಅಂಟು ಹಿಡಿಯುವುದೂ ಕಷ್ಟ. "ನೋವು ಬಂದಾಗ ನೋಡೋಣ" ಅಂತ ಕಾಯುವವರ ಫಿಲ್ಲಿಂಗು ಬೇಗ ಬೀಳುವುದು ಇದರಿಂದಲೇ. ಹುಳುಕು ಸಣ್ಣದಿರುವಾಗ ನೋವೇ ಇರುವುದಿಲ್ಲ. ನೋವು ಬರುವ ಹೊತ್ತಿಗೆ ಅದು ದೊಡ್ಡದಾಗಿರುತ್ತದೆ.

ಹಳೆಯ ಬೆಳ್ಳಿ ಫಿಲ್ಲಿಂಗೇ ಗಟ್ಟಿಯಲ್ಲವೇ ಅಂತ ಹಿರಿಯರು ಕೇಳುತ್ತಾರೆ. ಅವರ ಮಾತಿನಲ್ಲಿ ನಿಜ ಇದೆ. ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ 8ರಿಂದ 12 ವರ್ಷದ ಮಕ್ಕಳಿಗೆ ಎರಡೂ ಬಗೆ ಹಾಕಿ ಏಳು ವರ್ಷ ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಬೆಳ್ಳಿಯದು ನೂರಕ್ಕೆ 94 ಉಳಿದಿತ್ತು, ಬಿಳಿಯದು 85ರ ಹತ್ತಿರ. ಬಿಳಿಯದು ಕೆಟ್ಟಿದ್ದು ಮುಖ್ಯವಾಗಿ ಅಂಚಿನಲ್ಲಿ ಮತ್ತೆ ಹುಳುಕು ಹಿಡಿದು. ಆದರೆ ಬೆಳ್ಳಿಯದರಲ್ಲಿ ಪಾದರಸ ಇರುವುದರಿಂದ ಅದನ್ನು ಲೋಕದಲ್ಲೆಲ್ಲ ನಿಲ್ಲಿಸುತ್ತಾ ಬಂದಿದ್ದಾರೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿದೆ. 2034ರೊಳಗೆ ಹಲ್ಲಿಗೆ ಇದನ್ನು ಹಾಕುವುದು ಪೂರಾ ನಿಲ್ಲಬೇಕು ಅಂತ 2025ರಲ್ಲಿ ಆ ದೇಶಗಳು ತೀರ್ಮಾನಿಸಿವೆ. ಹಾಗಂತ ನಿಮ್ಮ ಬಾಯಲ್ಲಿರುವ ಹಳೆಯದು ಗಟ್ಟಿಯಾಗಿದ್ದರೆ ಹೆದರಿ ತೆಗೆಸಬೇಕಾಗಿಲ್ಲ.

ಹಾಕಿಸಿಕೊಂಡ ಮೇಲಿನದು ನಮ್ಮ ಕೈಲಿದೆ. ಫಿಲ್ಲಿಂಗಿಗೆ ಹುಳುಕು ಹಿಡಿಯುವುದಿಲ್ಲ, ಅದರ ಅಂಚಿನ ಹಲ್ಲಿಗೆ ಹಿಡಿಯುತ್ತದೆ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಅರ್ಧ ಗಂಟೆಯ ತನಕ ಬಾಯಲ್ಲಿ ಹುಳಿ ಏಳುತ್ತದೆ. ಕೆಲಸದ ನಡುವೆ ದಿನಕ್ಕೆ ಆರು ಸಲ ಸಕ್ಕರೆ ಚಹಾ ಕುಡಿದರೆ ಆರು ಸಲ ಹುಳಿ. ಎರಡು ಸಲಕ್ಕೆ ಇಳಿಸಿ, ಇಲ್ಲವೇ ಸಕ್ಕರೆ ಬಿಡಿ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿ, ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಬೇಡಿ. ಇದ್ದಿಲು, ಇಟ್ಟಿಗೆ ಪುಡಿ ಬೇಡ, ಹಲ್ಲು ಸವೆಯುತ್ತದೆ. ಗಟ್ಟಿ ಅಡಿಕೆ ಕಡಿಯುವವರಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಫಿಲ್ಲಿಂಗು ಒಡೆಯುವ ಭಯ ಹೆಚ್ಚು. ಡಾಕ್ಟರಿಗೆ ಇದನ್ನು ಮುಚ್ಚಿಡಬೇಡಿ.

ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ತೋರಿಸಿ. ಅಲ್ಲಿ ಆಗದಿದ್ದರೆ ದಂತ ವೈದ್ಯ ಕಾಲೇಜುಗಳಲ್ಲಿ ಖರ್ಚು ಕಡಿಮೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಕೆಲವು ಕಡೆ ಗ್ಲಾಸ್ ಅಯನೋಮರ್ ಅನ್ನುವ ಅಗ್ಗದ ಬಿಳಿ ಸಿಮೆಂಟು ಹಾಕುತ್ತಾರೆ. ಅದು ಹಲ್ಲಿಗೆ ಒಳ್ಳೆಯದೇ, ಆದರೆ ದವಡೆಯ ದೊಡ್ಡ ತೂತಿನಲ್ಲಿ ಬೇಗ ಸವೆಯುತ್ತದೆ. ಯಾವುದು ಹಾಕುತ್ತಿದ್ದೀರಿ, ಎಷ್ಟು ಗೋಡೆ ಉಳಿದಿದೆ ಅಂತ ಕೇಳುವುದರಲ್ಲಿ ನಾಚಿಕೆ ಇಲ್ಲ.

ಹಾಕಿಸಿಕೊಂಡ ಕೆಲವು ದಿನ ತಣ್ಣೀರು ಜುಂ ಅನ್ನುವುದು ಸಹಜ. ಕಚ್ಚಿದಾಗ ಅದೇ ಹಲ್ಲು ಮೊದಲು ತಾಗಿದರೆ ಹೋಗಿ ಸವರಿಸಿಕೊಂಡು ಬನ್ನಿ. ವರ್ಷಗಳ ಮೇಲೆ ಅಂಚಿನ ಚೂರು ಒಡೆದರೆ, ಊಟ ಪದೇ ಪದೇ ಅಲ್ಲೇ ಸಿಕ್ಕಿಕೊಂಡರೆ ಪೂರಾ ಬೀಳುವವರೆಗೆ ಕಾಯಬೇಡಿ. ಬಿಳಿ ಫಿಲ್ಲಿಂಗಿನ ಒಂದು ಅನುಕೂಲ ಏನೆಂದರೆ, ಬಹಳ ಸಲ ಎಲ್ಲವನ್ನೂ ಕೊರೆದು ತೆಗೆಯದೆ ಕೆಟ್ಟ ಭಾಗಕ್ಕೆ ಮಾತ್ರ ಹೊಸದನ್ನು ಅಂಟಿಸಬಹುದು. ಹಾಗೆ ಆಗುತ್ತದೆಯೇ ಅಂತ ಮೊದಲೇ ಕೇಳಿ.