ಇಪ್ಪತ್ತು ದಳದ ತಟ್ಟೆ

ಕಬಿನಿ ಅಣೆಕಟ್ಟಿನ ಬಳಿಯ ಬೀಚನಹಳ್ಳಿಯ ನಮ್ಮ ಮನೆಯಲ್ಲಿ ಅವ್ವನ ಹೊಲಿಗೆ ಮಿಷನ್ನಿನ ಪಕ್ಕ ಒಂದು ಅಕ್ಕಿ ಚೀಲ ಸದಾ ಇರುತ್ತದೆ. ಒಳಗೆ ಅಕ್ಕಿಯಿಲ್ಲ. ರವಿಕೆ ಕತ್ತರಿಸುವಾಗ ಕಂಕುಳ ಕೊರೆತದಿಂದ ಬೀಳುವ ಅರ್ಧಚಂದ್ರ, ಕುತ್ತಿಗೆ ಕೊರೆದ ಚೂರು, ತೋಳಿನ ಪಕ್ಕದಲ್ಲಿ ಉಳಿಯುವ ಉದ್ದ ಪಟ್ಟಿ, ಯಾವುದೋ ಮಗುವಿನ ಲಂಗದ ಅಂಚು, ಹೀಗೆ ಬಿದ್ದದ್ದೆಲ್ಲ ಅದಕ್ಕೆ. ಮದುವೆ ಕಾಲದಲ್ಲಿ ತಿಂಗಳಿಗೊಂದು ಚೀಲ ತುಂಬುತ್ತದೆ. ತುಂಬಿದ ಮೇಲೆ ಒಂದಿಷ್ಟು ದಿಂಬಿನೊಳಗೆ ಹೋಗುತ್ತಿತ್ತು, ಒಂದಿಷ್ಟು ಮಸಿಬಟ್ಟೆಯಾಗುತ್ತಿತ್ತು, ಉಳಿದದ್ದು ನೀರೊಲೆಗೆ. ಪಾಲಿಸ್ಟರ್ ಚೂರು ಒಲೆಯಲ್ಲಿ ಕರಗಿ ಕರಿಹೊಗೆ ಏಳುವುದನ್ನು ನೋಡುವಾಗೆಲ್ಲ ನನಗೆ ಸಂಕಟ. ಯಾರೋ ಕೂಲಿಯ ದುಡ್ಡು ಕೂಡಿಟ್ಟು, ಸರಗೂರಿನ ಅಂಗಡಿಯಲ್ಲಿ ಹತ್ತು ಪೀಸು ಬಿಚ್ಚಿಸಿ ನೋಡಿ, ಸೀರೆಗೆ ಒಪ್ಪುವ ಬಣ್ಣ ಆರಿಸಿ ತಂದ ಬಟ್ಟೆ ಅದು.

ಆ ಚೀಲವೇ ನನ್ನನ್ನು ಡ್ರೆಸ್ಡೆನ್ ತಟ್ಟೆಯ ಹತ್ತಿರ ಕರೆದೊಯ್ದಿತು. ಊಟದ ತಟ್ಟೆಯಲ್ಲ ಅದು, ಬಟ್ಟೆಯದು. ಬೀಸಣಿಗೆಯ ಪಟ್ಟಿಗಳ ಹಾಗೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ದಳಗಳನ್ನು ಸುತ್ತ ಜೋಡಿಸಿ, ನಡುವೆ ಒಂದು ಗುಂಡು ಬಟ್ಟೆ ಇಟ್ಟು, ಚೌಕದ ಮೇಲೆ ಹೊಲಿಯುವ ವಿನ್ಯಾಸ. ಇಂಥ ಚೌಕಗಳು ಸಾಲಾಗಿ ಸೇರಿದರೆ ಹೊದಿಕೆ. ಅಮೆರಿಕದ ಹೆಣ್ಣುಮಕ್ಕಳು 1920 ಮತ್ತು 30ರ ದಶಕಗಳಲ್ಲಿ ಇದನ್ನು ಮನೆಮನೆಯಲ್ಲೂ ಹೊಲಿದರು. ಹೆಸರು ಜರ್ಮನಿಯ ಡ್ರೆಸ್ಡೆನ್ ನಗರದ್ದು. ಅದರ ಹತ್ತಿರದ ಮೈಸೆನ್‌ನಲ್ಲಿ 1710ರಲ್ಲಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. ಡ್ರೆಸ್ಡೆನ್‌ನ ಕುಶಲಕರ್ಮಿಗಳು ಹೂ ಬರೆದ ತಟ್ಟೆಗಳು ಕಡಲು ದಾಟಿ ಮಾರಾಟವಾದವು. ಅಂಥ ತಟ್ಟೆ ಕೊಳ್ಳಲಾಗದವರು ಚೂರುಬಟ್ಟೆಯಲ್ಲಿ ಅದನ್ನೇ ಮಾಡಿಕೊಂಡರು ಎಂದು ನಾನು ಅಂದುಕೊಳ್ಳುತ್ತೇನೆ. 30ರ ದಶಕ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಕುಸಿತದ ಕಾಲ. ಹಿಟ್ಟು, ಕೋಳಿ ತಿಂಡಿ ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳಿಗೆ ಕಂಪನಿಗಳು ಹೂವಿನ ಅಚ್ಚು ಹಾಕಿ ಕೊಡುತ್ತಿದ್ದವು. ಹೆಂಗಸರು ಹೊಲಿಗೆ ಬಿಚ್ಚಿ, ತೊಳೆದು, ಮಗಳಿಗೊಂದು ಫ್ರಾಕು ಹೊಲಿದು, ಉಳಿದದ್ದರಲ್ಲಿ ದಳ ಕತ್ತರಿಸುತ್ತಿದ್ದರು. ವಿನ್ಯಾಸಕ್ಕೆ ಬೇರೆ ಹೆಸರುಗಳೂ ಇದ್ದವು. ಗೆಳತಿಯರು ಒಬ್ಬೊಬ್ಬರೂ ಒಂದೊಂದು ಚೂರು ಕೊಟ್ಟು ಮಾಡಿದರೆ ಗೆಳೆತನದ ಉಂಗುರ. ಇನ್ನೊಂದು ಹೆಸರು ಆಸ್ಟರ್, ಹೂವಿನದೇ.

ನಾನು ಮೊದಲ ತಟ್ಟೆ ಜೋಡಿಸಿ ತೋರಿಸಿದಾಗ ಅವ್ವ ಅಂದದ್ದು, "ಇದೇನ್ ಮಗ, ಸ್ಯಾವಂತ್ಗೆ ಹೂವ್ನಂಗದೆ." ಆ ಹಳೆಯ ಹೆಸರುಗಳನ್ನು ಅವಳಿಗೆ ನಾನು ಹೇಳಿರಲಿಲ್ಲ.

ಆದರೆ ಆ ಸೇವಂತಿಗೆ ನೆಲದ ಮೇಲೆ ಮಟ್ಟಸವಾಗಿ ಕೂರಲಿಲ್ಲ. ನಡು ಉಬ್ಬಿಕೊಂಡು ಬೋರಲು ಹಾಕಿದ ಬುಟ್ಟಿಯಂತಾಯಿತು. ಇಸ್ತ್ರಿ ಒತ್ತಿದೆ, ನೀರು ಚಿಮುಕಿಸಿ ಒತ್ತಿದೆ, ಏಳುವುದು ಬಿಡಲಿಲ್ಲ. ಕಾರಣ ತಿಳಿದದ್ದು ಎರಡು ತಟ್ಟೆ ಕೆಡಿಸಿದ ಮೇಲೆ. ಒಂದು ಸುತ್ತು ಅಂದರೆ 360 ಡಿಗ್ರಿ. 20 ದಳಕ್ಕೆ ಹಂಚಿದರೆ ದಳಕ್ಕೆ 18. ಪ್ರತಿ ದಳದಲ್ಲಿ ಅರ್ಧ ಡಿಗ್ರಿ ಕಮ್ಮಿಯಾದರೂ ಕೊನೆಗೆ 10 ಡಿಗ್ರಿ ಸಾಲದೆ ಬರುತ್ತದೆ, ಎಳೆದು ಕೂಡಿಸಿದರೆ ತಟ್ಟೆ ಬುಟ್ಟಿಯಾಗುತ್ತದೆ. ಹೆಚ್ಚಾದರೆ ಅಂಚು ಅಲೆಅಲೆಯಾಗಿ ನೆರಿಗೆ ಕಟ್ಟುತ್ತದೆ. ಹೊಲಿಗೆಗೆ ಬಿಡುವ ಕಾಲಿಂಚು ಒಂಚೂರು ಹೆಚ್ಚುಕಮ್ಮಿಯಾದರೆ ದೋಷವಿಲ್ಲ, ಆದರೆ ದಳದ ಉದ್ದಕ್ಕೂ ಒಂದೇ ಸಮ ಇರಬೇಕು. ಆಗ ನಡುವಿನ ತೂತು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅಷ್ಟೆ. ಗುಂಡು ಬಟ್ಟೆ ಅದನ್ನು ಮುಚ್ಚುತ್ತದೆ. ಮೇಲೆ ಕಾಲಿಂಚು ಹಿಡಿದು ಕೆಳಗೆ ಬರುವಷ್ಟರಲ್ಲಿ ಹೊಲಿಗೆ ಜಾರಿತೋ, ಕೋನವೇ ಕೆಟ್ಟಿತು. ನನ್ನ ಕೈ ಜಾರಿದ್ದು ಅಲ್ಲಿ.

ಮಾಡುವ ಬಗೆಯನ್ನು ಒಂದಿಷ್ಟು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬೇಕಾದದ್ದೆಲ್ಲ ನಮ್ಮ ಹಳ್ಳಿಯ ಯಾವ ಮನೆಯಲ್ಲೂ ಇದೆ. ಹಳೆಯ ಮದುವೆ ಕಾಗದದ ದಪ್ಪ ರಟ್ಟು, ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಕೈವಾರ. ರಟ್ಟಿನ ಮೇಲೆ 7 ಇಂಚು ತ್ರಿಜ್ಯದ ವೃತ್ತ ಬರೆದು 18 ಡಿಗ್ರಿಯ ಒಂದು ಸೀಳು ಗುರುತು ಹಾಕಿ, ತುದಿಯಿಂದ ಒಂದೂಕಾಲು ಇಂಚು ಕತ್ತರಿಸಿ ತೆಗೆಯಬೇಕು. ಎರಡು ಪಕ್ಕಕ್ಕೂ ತಲೆಗೂ ಕಾಲಿಂಚು ಸೇರಿಸಿದರೆ ದಳದ ಅಚ್ಚು ಸಿದ್ಧ. ಇದಕ್ಕೆ ಬೇಕಾಗುವ ಬಟ್ಟೆ 6 ಇಂಚು ಉದ್ದ, 3 ಇಂಚು ಅಗಲ. ತೋಳಿನ ಪಕ್ಕದಲ್ಲಿ ಉಳಿಯುವ ಪಟ್ಟಿಯ ಅಳತೆ ಹೆಚ್ಚುಕಮ್ಮಿ ಅದೇ. ಇದನ್ನು ಕಂಡ ದಿನ ಚೀಲವನ್ನು ನೆಲಕ್ಕೆ ಸುರಿದುಕೊಂಡು ರಾತ್ರಿ ಹನ್ನೊಂದರವರೆಗೆ ಕೂತಿದ್ದೆ.

ದಳವನ್ನು ಉದ್ದಕ್ಕೆ ಒಳಮಗ್ಗುಲು ಮಾಡಿ ಮಡಚಿ, ಅಗಲದ ತುದಿಗೆ ಒಂದು ಹೊಲಿಗೆ ಹಾಕಿ ತಿರುವಿದರೆ ತಲೆ ತಾನಾಗಿ ಮೊನೆಯಾಗುತ್ತದೆ. ಆಮೇಲೆ ದಳಕ್ಕೆ ದಳ ಜೋಡಿಸುವುದು, ಮೊನೆಯ ಕಡೆಯಿಂದ ಶುರು. ನಡುವಿನ ಗುಂಡಿಗೆ ಮೂರೂವರೆ ಇಂಚಿನ ರಟ್ಟಿನ ಬಿಲ್ಲೆ ಮೇಲೆ ಬಟ್ಟೆ ಇಟ್ಟು, ಸುತ್ತ ದಾರ ಓಡಿಸಿ, ಸಂಚಿಯ ಬಾಯಿ ಎಳೆದ ಹಾಗೆ ಎಳೆದು ಇಸ್ತ್ರಿ ಮಾಡಿ ಬಿಲ್ಲೆ ಕಿತ್ತುಕೊಳ್ಳಬೇಕು. ಪೂರ್ತಿ ತಟ್ಟೆಯನ್ನು, ಅಂಚಿನ ಹೊಲಿಗೆ ಬಿಟ್ಟು 16 ಇಂಚಿನ ಚೌಕಕ್ಕೆ ಹೆಮ್ಮಿಂಗ್ ಮಾಡಿ ಕೂರಿಸುವುದು ಕೊನೆಯ ಕೆಲಸ. ಇದರಲ್ಲಿ ಅವ್ವನ ಸಮಕ್ಕೆ ನಾನಿಲ್ಲ. ನಲವತ್ತು ವರ್ಷ ರವಿಕೆಯ ಒಳಗೆ, ಯಾರೂ ನೋಡದ ಕಡೆ ಹಾಕಿದ ಹೆಮ್ಮಿಂಗ್ ಅವಳದು. ತಟ್ಟೆಯ ಮೇಲೂ ಅವಳ ಹೊಲಿಗೆ ಕಾಣುವುದಿಲ್ಲ. ದಳಗಳು ಚೌಕದಲ್ಲೇ ಹುಟ್ಟಿದಂತಿರುತ್ತವೆ.

ಎಲ್ಲ ಬಟ್ಟೆಯೂ ಇದಕ್ಕೆ ಒಗ್ಗುವುದಿಲ್ಲ. ಟೂ ಬೈ ಟೂ, ಪಾಪ್ಲಿನ್, ಕೇಂಬ್ರಿಕ್ ಹೇಳಿದ ಮಾತು ಕೇಳುತ್ತವೆ, ಒತ್ತಿದ ಮಡಿಕೆ ನಿಲ್ಲುತ್ತದೆ. ಪಾಲಿಸ್ಟರ್ ಮೊನೆ ಎದ್ದೇಳುತ್ತದೆ. ರೇಷ್ಮೆ ನೋಡಲು ಚೆಂದ, ಆದರೆ ಹತ್ತಿಯ ಜೊತೆ ಸೇರಿಸಿ ಒಗೆದರೆ ಎರಡೂ ಎರಡು ಥರ ಹಣ್ಣಾಗುತ್ತವೆ. ಕೆಂಪು, ಕಡುನೀಲಿ ಚೂರುಗಳನ್ನು ಕತ್ತರಿಸುವ ಮೊದಲೇ ತೊಳೆದು ಬಣ್ಣ ಬಿಡಿಸಿಕೊಳ್ಳಬೇಕು. ನಮ್ಮದು ಹತ್ತಿ ಬೆಳೆಯುವ ತಾಲ್ಲೂಕು. ಹೆಗ್ಗಡದೇವನಕೋಟೆ, ಸರಗೂರು ಸುತ್ತ ಹತ್ತಿ ಬಿಡಿಸುವ ಕಾಲಕ್ಕೆ ಹೊಲ ಬೆಳ್ಳಗಾಗುತ್ತದೆ. ಆ ಹೊಲದ ಬದುವಿನಲ್ಲೇ ಪಾಲಿಸ್ಟರ್ ನೈಟಿ ತೊಟ್ಟ ಹೆಣ್ಣುಮಗಳು ಹತ್ತಿ ಬಿಡಿಸುತ್ತಾಳೆ. ನೂಲಿನ ಚೂರು ಸಿಕ್ಕಿದಾಗ ನಾನು ಜೋಪಾನ ಮಾಡುವುದು ಇದನ್ನು ನೆನೆದೇ.

ಇನ್ನು ಹಳೆಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ನಮ್ಮದೇ ಹೊದಿಕೆ, ಕೌದಿಯ ಮಾತು. ಕೌದಿ ಬಲವಾಗಿ ಬೇರುಬಿಟ್ಟಿರುವುದು ಉತ್ತರ ಕರ್ನಾಟಕದಲ್ಲಿ. ಈ ಕಡೆ ಚಳಿಗೆ ಕುರುಬರು ನೇಯ್ದ ಕರಿಕಂಬಳಿಯೇ ಆಸರೆ. ಹುಣಸೂರಿನಲ್ಲಂತೂ ಬ್ರಿಟಿಷ್ ಸೇನೆಗೆ ಸಾಮಾನು ಒದಗಿಸುವ ಕಮಿಸರಿಯೆಟ್ ಇದ್ದಾಗ ಚರ್ಮ ಹದಮಾಡುವ ಕೆಲಸದ ಜೊತೆ ಕಂಬಳಿ ಕಾರ್ಖಾನೆಯೂ ಇತ್ತು. 1864ರಲ್ಲಿ ಅದು ಮುಚ್ಚಿತು. ಹಳೆ ಸೀರೆ, ಪಂಚೆಗಳನ್ನು ಪದರ ಹಾಕಿ ಹೊಲಿದದ್ದಕ್ಕೆ ಅವ್ವ ಹೇಳುವುದು ಬರಿಯ 'ಹೊದ್ಕೊಳ್ಳೋ ಬಟ್ಟೆ' ಎಂದು. ಧಾರವಾಡದ ಕಡೆ ಗೊಂದಳಿಗರು, ಬುಡಗ ಜಂಗಮರಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಬಟ್ಟೆಯಲ್ಲೇ ಜಗಲಿಯ ಮೇಲೆ ಕೂತು ಕೌದಿ ಹೊಲಿದುಕೊಡುತ್ತಾರೆ.

ನನ್ನನ್ನು ಹೆಚ್ಚು ಹಿಡಿದದ್ದು ಉತ್ತರ ಕನ್ನಡದ ಸಿದ್ದಿಯರ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ, ಆಫ್ರಿಕಾ ಮೂಲದ ಈ ಜನರ ಹೆಣ್ಣುಮಕ್ಕಳು ಅಚ್ಚು ಇಟ್ಟುಕೊಳ್ಳುವುದಿಲ್ಲ, ಅಳತೆ ಹಿಡಿಯುವುದಿಲ್ಲ. ಒಂದು ಮೂಲೆಯಿಂದ ಹಿಡಿದು ಅಂಚಿನಗುಂಟ ಚೂರು ಮಡಚಿಡುತ್ತ ಸಾದಾ ಹೊಲಿಗೆಯಲ್ಲಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಮುಂದಿನ ಚೂರು ಯಾವುದೆಂದು ಕೈಗೆ ಸಿಕ್ಕ ಬಟ್ಟೆಯೇ ಹೇಳುತ್ತದೆ. ನಾಲ್ಕು ಮೂಲೆಗೂ ಹಲವು ಮಡಿಕೆಯ ತ್ರಿಕೋನ ಇಡುತ್ತಾರೆ. ಅದಕ್ಕೆ ಅವರ ಹೆಸರು ಫುಲಾ, ಹೂವು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಎಣಿಕೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಾಲ್ ಈ ಕೌದಿಗಳನ್ನು ಅಭ್ಯಾಸ ಮಾಡಿದ ವಿದ್ವಾಂಸರು; ಅವರ ನೆರವಿನೊಂದಿಗೆ 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಿಕೊಂಡಿತು. ಬಟ್ಟೆಯನ್ನು ತ್ರಿಕೋನಕ್ಕೆ ಮಡಚಿದರೆ ಹೂವಾಗುತ್ತದೆ ಎಂಬುದು ಅಮೆರಿಕದ ರೈತರ ಮನೆಯಲ್ಲೂ ಯಲ್ಲಾಪುರದ ಕಾಡಂಚಿನಲ್ಲೂ ಒಬ್ಬರಿಗೊಬ್ಬರು ಹೇಳಿಕೊಡದೆ ಹೊಳೆದಿರಬೇಕು.

ಆದರೂ ಕೌದಿಗೂ ತಟ್ಟೆಗೂ ನಡುವೆ ಒಂದು ವ್ಯತ್ಯಾಸವಿದೆ. ಅದನ್ನು ನನಗೆ ತೋರಿಸಿದವಳು ಅವ್ವ. ತಟ್ಟೆಗಳ ಅಡಿಗೆ ಒಳಪದರವಾಗಿ ಹೊಸ ಲೈನಿಂಗ್ ಬಟ್ಟೆ ತರುತ್ತೇನೆ ಎಂದಾಗ ಅವಳು ತಡೆದಳು. "ಉಟ್ಟಿದ್ ಬಟ್ಟೆ ಬ್ಯಾರೆ, ಉಡ್ದಿರೋ ಬಟ್ಟೆ ಬ್ಯಾರೆ ಕಣವ್ವ. ಉಟ್ಟಿದ್ದು ಮೆತ್ಗಾಗಿರ್ತದೆ. ಒಳೀಕೆ ಅದ್ನೇ ಹಾಕು." ಟ್ರಂಕಿನಿಂದ ತನ್ನ ನಾಲ್ಕು ನೂಲಿನ ಸೀರೆ ತೆಗೆದುಕೊಟ್ಟಳು. ಒಂದು, ನಾನು ಹೈಸ್ಕೂಲಿಗೆ ಸೇರಿದ ದಿನ ಉಟ್ಟಿದ್ದು.

ಮೈಯಿಂದ ಉಳಿದ ಬಟ್ಟೆ, ಕತ್ತರಿಯಿಂದ ಉಳಿದ ಬಟ್ಟೆ. ಕೌದಿ ಮೊದಲನೆಯದರದು, ಡ್ರೆಸ್ಡೆನ್ ತಟ್ಟೆ ಎರಡನೆಯದರದು. ಮೈಯಿಂದ ಉಳಿದದ್ದು ಎಷ್ಟು ಹೊರಬಲ್ಲದು ಎಂದು ತಿಳಿಯಲು ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಹೊದಿಕೆ ನೋಡಬೇಕು. ಮಿಸೌರಿ ಪೆಟ್‌ವೇ ಎಂಬ ಕಪ್ಪು ರೈತಾಪಿ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ 1942ರಲ್ಲಿ ಅವನ ದುಡಿಮೆಯ ಬಟ್ಟೆಗಳನ್ನೇ ಹರಿದು ಹೊದಿಕೆ ಮಾಡಿ ಹೊದ್ದುಕೊಂಡಳು. ಆ ಊರಿನ ಹೊದಿಕೆಗಳು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದ ಗೋಡೆ ಏರಿದವು. ಬೀಚನಹಳ್ಳಿಯವಳಾದ ನನಗೆ ಆ ಊರಿನ ಇನ್ನೊಂದು ಸಂಗತಿ ಹತ್ತಿರದ್ದು. ನದಿಗೆ ಅಣೆಕಟ್ಟು ಕಟ್ಟಿದಾಗ ಅವರ ಒಳ್ಳೆಯ ಜಮೀನೂ ನೀರಿನಡಿ ಹೋಯಿತು. ಊರವರು ಮತದಾನದ ಹಕ್ಕಿಗಾಗಿ ಓಡಾಡುತ್ತಾರೆಂದು 1962ರಲ್ಲಿ ನಿಲ್ಲಿಸಿದ, ನದಿ ದಾಟಿಸುವ ದೋಣಿ ಮತ್ತೆ ಶುರುವಾದದ್ದು 2006ರಲ್ಲಿ.

ಇಲ್ಲಿ ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು 1974ರದ್ದು. ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಹಿನ್ನೀರಿಗೆ ಸೇರಿದವು. ಊರು ಬಿಟ್ಟು ಬಂದವರು ಪಾತ್ರೆಪಗಡ, ಬಿತ್ತನೆ ರಾಗಿಯನ್ನು ಹಳೆ ಹೊದಿಕೆಗಳಲ್ಲೇ ಗಂಟು ಕಟ್ಟಿ ಗಾಡಿಗೆ ಹೇರಿದರೆಂದು ಅಜ್ಜಿ ಹೇಳುತ್ತಿದ್ದಳು. ಮನೆ ಮುಳುಗಿತು, ಗಂಟು ಕಟ್ಟಿದ ಬಟ್ಟೆ ಉಳಿಯಿತು, ಹರಿಯುವ ತನಕ ಮಕ್ಕಳ ಮೇಲೆ ಇತ್ತು.

ಚೂರು ಜೋಡಿಸಿದ ಬಟ್ಟೆಯನ್ನು ಇನ್ನೊಂದು ಕಡೆಯೂ ಕಂಡೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಟಿಬೆಟಿನವರ ನೆಲೆಯಾದ ಬೈಲಕುಪ್ಪೆಗೆ ಹೋದಾಗ ನನ್ನ ಕಣ್ಣು ಬಂಗಾರದ ಬುದ್ಧನಿಗಿಂತ ಭಿಕ್ಷುಗಳು ಪೂಜೆಗೆ ಹೊದೆಯುವ ಹಳದಿ ಬಟ್ಟೆಯ ಮೇಲೆ ನಿಂತಿತು. ಅದು ಇಡೀ ಬಟ್ಟೆಯಲ್ಲ, ತುಂಡು ಜೋಡಿಸಿದ್ದು. ಮಗಧದ ಗದ್ದೆಗಳ ಬದುಗಳನ್ನು ಬುದ್ಧ ಆನಂದನಿಗೆ ತೋರಿಸಿ, ಭಿಕ್ಷುಗಳ ಚೀವರವನ್ನು ಆ ಥರ ಹೊಲಿಯಲಾದೀತೇ ಎಂದು ಕೇಳಿದ ಕತೆ ವಿನಯಪಿಟಕದಲ್ಲಿದೆ. ಮೊದಲ ಭಿಕ್ಷುಗಳು ಮಸಣದಲ್ಲಿ, ತಿಪ್ಪೆಯಲ್ಲಿ ಬಿದ್ದ ಚಿಂದಿ ಆಯ್ದು ಹೊಲಿದುಕೊಂಡವರು. ಟಿಬೆಟಿನವರು 1960ರ ಸುಮಾರಿಗೆ ಈ ಕಾಡಂಚಿಗೆ ಬಂದು ನೆಲೆಸಿದಾಗ ಆ ಗದ್ದೆಯ ನಕ್ಷೆಯೂ ಅವರ ಹೆಗಲ ಮೇಲೆ ಬಂತು. ಹೊಸ ಬಟ್ಟೆಯನ್ನೂ ಕತ್ತರಿಸಿಯೇ ಜೋಡಿಸುತ್ತಾರೆ. ಹಬ್ಬಕ್ಕೆ ಬಿಚ್ಚುವ, ತಂಗ್ಕಾ ಎಂಬ ದೊಡ್ಡ ಚಿತ್ರಪಟಗಳಲ್ಲೂ ರೇಷ್ಮೆ ಚೂರುಗಳನ್ನು ಕತ್ತರಿಸಿ ಹೊಲಿದೇ ಬುದ್ಧನ ಮುಖ ಮೂಡಿಸುವ ಕಲೆ ಅವರದು.

ನನ್ನ ಹೊದಿಕೆಗೆ ಅಡ್ಡ ನಾಲ್ಕು, ಉದ್ದ ಐದು, ಒಟ್ಟು 20 ಚೌಕ. ಅಂದರೆ 400 ದಳ. 64 ಇಂಚು ಅಗಲ, 80 ಇಂಚು ಉದ್ದ, ಒಬ್ಬರು ಕಾಲು ಚಾಚಿ ಮಲಗುವಷ್ಟು. ಮೇಲೆ ತಟ್ಟೆಗಳು, ಒಳಗೂ ಬೆನ್ನಿಗೂ ಅವ್ವನ ಸೀರೆ. ಪದರಗಳನ್ನು ಹಿಡಿದಿಡುವ ಹೊಲಿಗೆಯನ್ನು ಕೌದಿಯ ಹಾಗೆ ದಪ್ಪ ದಾರದಲ್ಲಿ, ಅಂಚಿನಿಂದ ಒಳಕ್ಕೆ ಕೈಯಲ್ಲೇ ಹಾಕಬೇಕೆಂದಿದ್ದೇನೆ. ಮಿಷನ್ನಿನಲ್ಲಿ ಎರಡು ದಿನದ ಕೆಲಸ, ಕೈಯಲ್ಲಿ ಒಂದು ಚಳಿಗಾಲ ಬೇಕು. ಆದರೆ ಹಿಂದಿನ ವರ್ಷ ಮಿಷನ್ನಿನಲ್ಲಿ ಹೊಲಿದ ಒಂದು ತುಂಡು ರಟ್ಟಿನ ಹಾಗೆ ಬಿರುಸಾಯಿತು. ಕೈಹೊಲಿಗೆಯದು ಮೈಗೆ ಬಾಗುತ್ತದೆ.

ಊರಿನವರು ಈಗ ಚೂರು ಗುರುತಿಸುತ್ತಾರೆ. ರವಿಕೆ ಇಸಿದುಕೊಳ್ಳಲು ಬಂದವರು ಮಿಷನ್ನಿನ ಮೇಲಿನ ತಟ್ಟೆ ನೋಡಿ, "ಅಕ್ಕಾ, ಇದು ನನ್ ನಾಗವಲ್ಲಿ ಸೀರೆದಲ್ವಾ?" ಎಂದು ಒಂದು ದಳದ ಮೇಲೆ ಬೆರಳಿಡುತ್ತಾರೆ. ಒಬ್ಬರು ತೀರಿಹೋದ ಅತ್ತೆಯ ರವಿಕೆ ಬಿಚ್ಚಿ ತಂದುಕೊಟ್ಟು, ಒಂದು ದಳ ಸೇರಿಸಿ ಎಂದರು. ಅದು ಕತ್ತರಿಯಿಂದ ಉಳಿದದ್ದಲ್ಲ, ಮೈಯಿಂದ ಉಳಿದದ್ದು. ಆದರೂ ಮೇಲೆಯೇ ಹಾಕಿದೆ, ಹನ್ನೊಂದನೆಯ ತಟ್ಟೆಯಲ್ಲಿ, ಹಸಿರಿನ ಪಕ್ಕ.

ಹದಿನೆಂಟು ತಟ್ಟೆ ಮುಗಿದಿವೆ. ವಯನಾಡಿನಲ್ಲಿ ಮಳೆ ಹಿಡಿದಿದೆ, ಕಬಿನಿ ಜಲಾಶಯ 2,284 ಅಡಿಯ ಪೂರ್ಣಮಟ್ಟದ ಹತ್ತಿರ ಬಂದರೆ ಗೇಟು ತೆಗೆಯುತ್ತಾರೆ. ರಾತ್ರಿ ಆ ಸದ್ದು ನಮ್ಮ ಮನೆಗೂ ಕೇಳುತ್ತದೆ. ಅವ್ವ ಚೀಲದೊಳಗೆ ಮೊಣಕೈತನಕ ಕೈ ಹಾಕಿ ಹತ್ತೊಂಬತ್ತನೆಯದಕ್ಕೆ ಬಟ್ಟೆ ಆರಿಸುತ್ತಿದ್ದಾಳೆ. ಅರಿಸಿನ ಬಣ್ಣದ ಒಂದು ಚೂರು ಸಿಕ್ಕಿದೆ. ದೀಪದ ಕೆಳಗೆ ಹಿಡಿದು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾಳೆ, ನೂಲೋ ಪಾಲಿಸ್ಟರೋ ಎಂದು.